ನಲವತ್ತರ ತಂತಿ

ಹೊಸ ತಂತಿಯ ಪಾಕೀಟು ಒಡೆದಾಗ ಒಂದು ವಾಸನೆ ಬರುತ್ತದೆ. ಪೂರ್ತಿ ಕಬ್ಬಿಣದ್ದೂ ಅಲ್ಲ, ಪೂರ್ತಿ ಎಣ್ಣೆಯದೂ ಅಲ್ಲ. ಎರಡನ್ನೂ ಸೇರಿಸಿ ಟ್ರಂಕಿನಲ್ಲಿ ಬಹಳ ದಿನ ಮುಚ್ಚಿಟ್ಟ ಹಾಗಿರುತ್ತದೆ. ಹೋದ ಭಾನುವಾರ ಊಟ ಮುಗಿಸಿ ಒಂದಿಷ್ಟು ಅಡ್ಡಾಗಬೇಕು ಅನ್ನುವಷ್ಟರಲ್ಲಿ ಎದುರು ಮನೆಯ ಪೂಜಾ ಆ ವಾಸನೆಯನ್ನು ನಮ್ಮ ಪಡಸಾಲೆಗೆ ಹೊತ್ತು ತಂದಳು. ಪೂಜಾ ಜಮಖಂಡಿಯ ಕಾಲೇಜಿನಲ್ಲಿ ಡಿಗ್ರಿ ಓದುವ ಹುಡುಗಿ. ಗೆಳತಿಯರೆಲ್ಲ ಸೇರಿ ಒಂದು ಬ್ಯಾಂಡು ಕಟ್ಟಿದ್ದಾರೆ, ಅದರಲ್ಲಿ ಇವಳದು ಬಾಸ್ ಗಿಟಾರು. ಅವರು ಬಾರಿಸುವುದನ್ನು ನಾನು ಒಮ್ಮೆ ಕೇಳಿದ್ದೇನೆ. ಕೇಳಿ ಬಂದ ಮೇಲೆ ನಮ್ಮ ಪವರ್‌ಲೂಮಿನ ಸದ್ದು ನನಗೆ ಎಂದೂ ಇಲ್ಲದಷ್ಟು ಹಿತವೆನಿಸಿತು. ಆದರೆ ಹುಡುಗಿಗೆ ಶ್ರದ್ಧೆಯಿದೆ. ಎದುರು ಮನೆಯ ಕಾಕಾ, ಅಂದರೆ ನಾನು, ಕೂಡ ಒಂದು ಕಾಲಕ್ಕೆ ಬಾಸ್ ಗಿಟಾರ್ ಹಿಡಿದವನು ಎಂದು ಅವಳ ತಾಯಿ ಹೇಳಿದ್ದರಂತೆ. ಅದಕ್ಕೇ ಬಂದಿದ್ದಳು.

"ಕಾಕಾ, ಈ ದಪ್ಪನ ತಂತಿ ಗೀರಿನ್ಯಾಗ ಕುಂದ್ರವಲ್ದ್ರಿ."

ಗಿಟಾರಿನ ಕುತ್ತಿಗೆಯ ತುದಿಯಲ್ಲಿ ಒಂದು ಬಿಳಿ ಪಟ್ಟಿ ಇರುತ್ತದೆ. ಅದರಲ್ಲಿ ಒಂದೊಂದು ತಂತಿಗೆ ಒಂದೊಂದು ಗೀರು. ಪೂಜಾಳ ಬ್ಯಾಂಡಿನವರು ತಮ್ಮ ಹಾಡುಗಳನ್ನೆಲ್ಲ ಇದ್ದ ಶ್ರುತಿಗಿಂತ ಬಹಳ ಕೆಳಗೆ ಇಳಿಸಿಕೊಂಡಿದ್ದಾರೆ. ಹಳೆಯ ತಂತಿಯನ್ನೇ ಸಡಿಲಿಸಿ ಇಳಿಸಿದರೆ ಅದು ಜೋಲು ಬಿದ್ದು ಗಡಗಡ ಎನ್ನುತ್ತದೆ. ಅದಕ್ಕಾಗಿ ದಪ್ಪ ತಂತಿ ತರಿಸಿದ್ದಾಳೆ, ಆ ದಪ್ಪ ತಂತಿ ಹಳೆಯ ಗೀರಿನಲ್ಲಿ ಕೂರುತ್ತಿಲ್ಲ. ನನ್ನ ಮಗ್ಗದ ಸಾಮಾನಿನ ಡಬ್ಬಿಯಲ್ಲಿ ಒಂದು ದುಂಡನೆಯ ಸಣ್ಣ ಅರ ಇತ್ತು. ಅದನ್ನು ತಂದು ಗೀರನ್ನು ಸ್ವಲ್ಪ ಸ್ವಲ್ಪವೇ ಉಜ್ಜತೊಡಗಿದೆ. ಪೂಜಾ ಪಾಕೀಟು ತಿರುವಿ ನೋಡುತ್ತ ಮಾತಿಗೆ ಮಾತು ಎಂಬಂತೆ ಹೇಳಿದಳು.

"ಮೊದಲಿನ್ದು ನೂರಾ ಐದ ಇತ್ರಿ, ಇದು ನೂರಾ ಮೂವತ್ತ. ನಂಬರ್ ಎಷ್ಟ್ ದೊಡ್ಡದೋ ತಂತಿ ಅಷ್ಟ್ ದಪ್ಪ. ಇದೇನ್ ಎಲ್ಲಾರಿಗೂ ಗೊತ್ತಿರೂದ ಬಿಡ್ರಿ."

ನನ್ನ ಕೈಯಲ್ಲಿದ್ದ ಅರ ನಿಂತಿತು. "ಯಾಕ್ರಿ ಕಾಕಾ?" ಎಂದಳು. ಏನಿಲ್ಲ ಎಂದೆ. ಎಲ್ಲರಿಗೂ ಗೊತ್ತಿರುವ ಆ ಮಾತು ಹನ್ನೊಂದು ವರ್ಷದ ಹಿಂದೆ ಒಬ್ಬ ಮನುಷ್ಯನಿಗೆ ಗೊತ್ತಿರಲಿಲ್ಲ, ಆ ಮನುಷ್ಯ ನಾನೇ, ಎಂದು ಆ ಹುಡುಗಿಗೆ ಹೇಳುವ ಧೈರ್ಯ ಆಗಲಿಲ್ಲ. ನಿಮಗೆ ಹೇಳುತ್ತೇನೆ.

ಮೊದಲು ಬಾಸ್ ಗಿಟಾರಿನ ಬಗ್ಗೆ ಎರಡು ಮಾತು, ಬೇಸರ ಮಾಡಿಕೊಳ್ಳಬೇಡಿ. ಆರ್ಕೆಸ್ಟ್ರಾದಲ್ಲಿ ಇದರಷ್ಟು ಮರ್ಯಾದೆಯಿಲ್ಲದ ವಾದ್ಯ ಇನ್ನೊಂದಿಲ್ಲ. ಡ್ರಮ್ಮು ಬಾರಿಸುವವನನ್ನು ಮಕ್ಕಳು ಸುತ್ತುವರಿಯುತ್ತಾರೆ, ಕೀಬೋರ್ಡಿನವನ ಬೆರಳುಗಳನ್ನು ಹೆಣ್ಣುಮಕ್ಕಳು ನೋಡುತ್ತಾರೆ, ಹಾಡುವವರಿಗೆ ಹಾರ ಬೀಳುತ್ತದೆ. ಬಾಸ್ ಹಿಡಿದವನ ಹತ್ತಿರ ಬಂದು ಜನ ತಂತಿ ಎಣಿಸುತ್ತಾರೆ. ಆರು ಇರಬೇಕಾದಲ್ಲಿ ನಾಲ್ಕೇ ಇದ್ದಾವಲ್ಲ ಎಂದು ಮರುಗುತ್ತಾರೆ. ತೇರದಾಳದ ಒಂದು ಮದುವೆಯಲ್ಲಿ ಬೀಗರ ಕಡೆಯ ಹಿರಿಯರೊಬ್ಬರು, "ಎರಡ ತಂತಿ ಹರದಾವಂತ ನಿಮಗ ಹಾಡಿನ್ಯಾಗ ಕೆಲಸ ಕಡಿಮಿ ಕೊಟ್ಟಾರೇನ್ರಿ?" ಎಂದು ಕೇಳಿದ್ದರು. ಹೌದ್ರಿ ಎಂದೆ. ಇನ್ನೇನು ಹೇಳಲಿ? ಬಾಸು ಬಾರಿಸುತ್ತಿರುವಾಗ ಯಾರ ಕಿವಿಗೂ ಬೀಳುವುದಿಲ್ಲ. ನಿಂತರೆ ಮಾತ್ರ ಹಾಡಿನ ಕೆಳಗಿನ ನೆಲ ಎಳೆದುಕೊಂಡ ಹಾಗೆ ಆಗುತ್ತದೆ. ಸೀರೆಯಲ್ಲಿ ಉದ್ದಕ್ಕೆ ಓಡುವ ಹಾಸಿನ ಎಳೆ ಇದ್ದಂತೆ ಎಂದು ನಾನು ನನ್ನಷ್ಟಕ್ಕೆ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಕೊಳ್ಳುವವರು ಅಂಚು ನೋಡುತ್ತಾರೆ, ಸೆರಗು ನೋಡುತ್ತಾರೆ. ಹಾಸಿನ ಎಳೆಯನ್ನು ಯಾರು ಕೇಳುತ್ತಾರೆ?

ಹಗಲಿಗೆ ಮಗ್ಗ, ಮದುವೆ ಸೀಜನ್ನಿಗೆ ಆರ್ಕೆಸ್ಟ್ರಾ, ಹೀಗೆ ನನ್ನ ಬದುಕು ನಡೆದಿತ್ತು. ಗಿಟಾರನ್ನು ಮಿರಜಿನ ಒಬ್ಬ ಬ್ಯಾಂಡಿನವನಿಂದ ಹಳೆಯದೇ ಕೊಂಡಿದ್ದೆ, ತಂತಿಯೂ ಅವನದೇ. ಅದರ ಮೇಲೆ ಯಾವ ನಂಬರಿನ ತಂತಿ ಇದೆ ಎಂದು ನಾನು ಎಂದೂ ಕೇಳಿರಲಿಲ್ಲ. ಬಾರಿಸಿದರೆ ಸದ್ದು ಬರುತ್ತಿತ್ತು, ನನಗೆ ಅಷ್ಟೇ ಸಾಕಿತ್ತು.

ನಮ್ಮ ಆರ್ಕೆಸ್ಟ್ರಾ ನಿಂತದ್ದು ಅನಸಕ್ಕನ ಮೇಲೆ. ಅನಸೂಯಾ ಎಂಬುದು ಅವರ ಹೆಸರು, ಊರೆಲ್ಲ ಅನಸಕ್ಕ ಎನ್ನುತ್ತಿತ್ತು. ರಬಕವಿಯಲ್ಲಿ ಅವರದೊಂದು ಜಂಪರು ಹೊಲಿಯುವ ಅಂಗಡಿ. ಹೊಲಿಗೆ ಮಶಿನ್ನು ತುಳಿಯುತ್ತಲೇ ಹಾಡು ಕಲಿತವರು. ಅಳತೆ ಕೊಡಲು ಬಂದ ಹೆಣ್ಣುಮಕ್ಕಳು ಜಂಪರು ಹೊಲಿದು ಮುಗಿದ ಮೇಲೂ ಎದ್ದು ಹೋಗುತ್ತಿರಲಿಲ್ಲವಂತೆ. ನಾನು ಅವರನ್ನು ಮೊದಲು ಕೇಳಿದ್ದು ನಮ್ಮ ಓಣಿಯ ಒಂದು ಮದುವೆ ನಿಶ್ಚಯದ ದಿನ. ಮೈಕು ಕೆಟ್ಟಿತ್ತು. ಮೈಕಿಲ್ಲದೆ ಹಾಡಿದರು, ಓಣಿಯ ಆ ತುದಿಯಲ್ಲಿ ಮಗ್ಗ ನಡೆಸುತ್ತಿದ್ದವರು ಮಗ್ಗ ಬಂದ್ ಮಾಡಿ ಹೊರಗೆ ಬಂದು ನಿಂತರು. ನಮ್ಮ ಬನಹಟ್ಟಿಯಲ್ಲಿ ಮಗ್ಗ ನಿಂತಷ್ಟು ಹೊತ್ತು ಕೂಲಿ ಇಲ್ಲ, ಅದನ್ನು ಈ ಕಡೆಯವರಿಗೆ ಹೇಳಬೇಕಾಗಿಲ್ಲ.

ಅಂಥ ಅನಸಕ್ಕನಿಗೆ ಐವತ್ತು ದಾಟಿದ ಮೇಲೆ ಗಂಟಲಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಆಪರೇಷನ್ ಆಯಿತು. ಗಂಟು ಹೋಯಿತು, ಜೀವಕ್ಕೆ ಏನೂ ಆಗಲಿಲ್ಲ, ಆದರೆ ದನಿ ಕೆಳಗಿಳಿಯಿತು. ಹಾರ್ಮೋನಿಯಂ ಪೇಟಿಯ ಮೇಲೆ ಎಣಿಸಿದರೆ ಕರಿ ಬಿಳಿ ಸೇರಿ ನಾಲ್ಕು ಮನೆ ಕೆಳಗೆ. ಆರು ತಿಂಗಳು ಹಾಡಲಿಲ್ಲ. ಆಮೇಲೆ ಒಂದು ದಿನ ನನ್ನನ್ನೂ ಕೀಬೋರ್ಡಿನ ಬಸೂನನ್ನೂ ಅಂಗಡಿಗೆ ಕರೆಸಿದರು. ಬಸೂ ಹಗಲಲ್ಲಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವನು, ಕಡಿಮೆ ಮಾತಿನವನು. ಅನಸಕ್ಕ ಕತ್ತರಿ ಕೆಳಗಿಟ್ಟು ಮೆಲ್ಲಗೆ ಒಂದು ಸಾಲು ಹಾಡಿ ತೋರಿಸಿದರು. ಹಳೆಯ ದನಿ ಅಲ್ಲ. ಆದರೆ ಕೆಟ್ಟ ದನಿಯೂ ಅಲ್ಲ. ತುಸು ಒರಟು, ತುಸು ಭಾರ, ಒಳಗೆ ಏನನ್ನೋ ನುಂಗಿಕೊಂಡು ಬಂದವರ ದನಿ. ನನಗೆ ಮೈ ಜುಮ್ಮೆಂದಿತು.

"ದನಿ ಇಳದೈತಿ ತಮ್ಮಾ. ನಾ ಅಂತೂ ಇನ್ನ ಮ್ಯಾಲೆ ಏರಾಂಗಿಲ್ಲ. ನೀವ ಇಳೀಬೇಕು," ಎಂದರು. "ಮುಧೋಳದಾಗ ರಾಜ್ಯೋತ್ಸವಕ್ಕ ಕರದಾರ. ಹೂಂ ಅಂದೇನಿ. ಅನಸಕ್ಕನ ಕತಿ ಮುಗೀತು ಅಂತ ಮಂದಿ ಮಾತಾಡಾಕತ್ತಾರ. ಮುಗದಿಲ್ಲ ಅಂತ ಒಂದ್ಸಲ ತೋರಸ್ಬೇಕು."

ಬಸೂ, "ನಂದೇನ್ರಿ ಅಕ್ಕಾರ, ಒಂದ ಗುಂಡಿ ಒತ್ತಿದ್ರ ಆತು," ಎಂದ. ಕೀಬೋರ್ಡಿನವರ ಸುಖವೇ ಸುಖ. ಅನಸಕ್ಕ ನನ್ನ ಕಡೆ ತಿರುಗಿದರು.

"ನನಗ ಈ ದನಿ ಇನ್ನಾ ಹೊಸಾದು. ಕತ್ತಲ್ಯಾಗ ನಡದಂಗ ಆಗ್ತೈತಿ. ನಿನ್ನ ತಂತಿ ಹಿಡಕೊಂಡ ನಡೀತೇನಿ. ಕೆಳಗ ಗಟ್ಟಿ ಇರ್ಲೆಪಾ."

ಗಟ್ಟಿ ಇರುತ್ತದೆ ಎಂದು ಮಾತು ಕೊಟ್ಟೆ.

ಇಲ್ಲಿ ನನ್ನ ವಿದ್ಯೆಯ ಗುಟ್ಟು ಬಿಟ್ಟುಕೊಡಬೇಕು. ಸರಿಯಾಗಿ ಕಲಿತವನಾಗಿದ್ದರೆ ಬೆರಳಿನ ಜಾಗ ಬದಲಿಸಿ, ಇದ್ದ ತಂತಿಯಲ್ಲೇ ಹೇಗೋ ಸುಧಾರಿಸಿಬಿಡುತ್ತಿದ್ದ. ನಾನು ಸ್ವರದಿಂದ ಹಾಡು ಕಲಿತವನಲ್ಲ, ಗಿಟಾರಿನ ಕುತ್ತಿಗೆಯ ಪಟ್ಟಿಗಳ ನಡುವೆ ಬೆರಳಿಟ್ಟ ಮನೆಯಿಂದ ಕಲಿತವನು. ಈ ಹಾಡಿಗೆ ಮೂರನೇ ಮನೆ, ಆ ಹಾಡಿಗೆ ಐದನೇ ಮನೆ, ಅಷ್ಟೇ ನನ್ನ ಶಾಸ್ತ್ರ. ಮನೆ ಬದಲಿಸಿದರೆ ದಾರಿ ತಪ್ಪುತ್ತಿದ್ದೆ. ಆದ್ದರಿಂದ ನಾಲ್ಕೂ ತಂತಿಯನ್ನು ನಾಲ್ಕು ಮನೆಯಷ್ಟು ಇಳಿಸುವುದೊಂದೇ ನನಗಿದ್ದ ದಾರಿ. ಹಳೆಯ ತಂತಿಯನ್ನು ಇಳಿಸಿ ನೋಡಿದೆ, ಒಗೆದ ಬಟ್ಟೆ ಹಾಕುವ ಹಗ್ಗದ ಹಾಗೆ ಜೋಲಾಡಿತು. ದಪ್ಪ ತಂತಿ ಬೇಕು ಎಂಬಷ್ಟು ನನಗೂ ಹೊಳೆಯಿತು. ದಪ್ಪ ತಂತಿಯಾದರೆ ಕೆಳಗಿನ ಶ್ರುತಿಯಲ್ಲೂ ಬಿಗಿಯಾಗಿ ನಿಲ್ಲುತ್ತದೆ, ಹೊಡೆದಾಗ ಅಲುಗಾಡದೆ ಒಂದೇ ಸ್ವರದಲ್ಲಿ ಇರುತ್ತದೆ. ಇಲ್ಲಿಯವರೆಗೆ ನನ್ನ ಬುದ್ಧಿ ಸರಿಯಾಗಿಯೇ ಇತ್ತು.

ಇನ್ನು ನಮ್ಮ ಅಪ್ಪನ ವಿಷಯ. ನಮ್ಮಪ್ಪ ಕಣ್ಣು ಮುಚ್ಚಿ ಹೆಬ್ಬೆರಳು ತೋರುಬೆರಳ ನಡುವೆ ಎಳೆ ಹೊರಳಿಸಿ, ಇದು ಅರವತ್ತರ ನೂಲು, ಇದು ಎಂಬತ್ತರದು ಎಂದು ಹೇಳಿಬಿಡುತ್ತಿದ್ದರು. ತಪ್ಪುತ್ತಿರಲಿಲ್ಲ. ನನಗೂ ಅದನ್ನೇ ಕಲಿಸಿದರು. ಅಕ್ಷರ ಬರುವ ಮೊದಲು ನನಗೆ ನೂಲಿನ ನಂಬರು ಬರುತ್ತಿತ್ತು. ನೇಕಾರರಲ್ಲದವರಿಗೆ ಇದನ್ನು ಬಿಡಿಸಿ ಹೇಳಬೇಕು. ಒಂದು ತೂಕಕ್ಕೆ ಎಷ್ಟು ಉದ್ದದ ನೂಲು ಬರುತ್ತದೆ ಎಂಬುದರ ಮೇಲೆ ನಂಬರು ನಿಲ್ಲುತ್ತದೆ. ನೂಲು ತೆಳ್ಳಗಾದಷ್ಟೂ ಉದ್ದ ಹೆಚ್ಚು, ನಂಬರು ದೊಡ್ಡದು. ನೂರರ ನೂಲು ಕೂದಲೆಳೆಯ ಹಾಗೆ, ನಲವತ್ತರದು ದಪ್ಪ, ಇಪ್ಪತ್ತರದು ಇನ್ನೂ ದಪ್ಪ. ದಪ್ಪ ಬೇಕಾದರೆ ಸಣ್ಣ ನಂಬರು ಕೇಳು. ಇದು ನಮ್ಮ ಮನೆಯಲ್ಲಿ ಅಆಇಈಗಿಂತ ಹಳೆಯ ಪಾಠ.

ನಾನು ಈ ಪಾಠವನ್ನು ಜೇಬಿನಲ್ಲಿಟ್ಟುಕೊಂಡು ಕೊಲ್ಹಾಪುರಕ್ಕೆ ಹೋದೆ. ಇಚಲಕರಂಜಿಗೆ ನೂಲು ತರಲು ಹೋದವನು ಹಾಗೇ ಮುಂದೆ ಹೋಗಿ ಒಂದು ವಾದ್ಯದ ಅಂಗಡಿ ಹೊಕ್ಕೆ. ಗೋಡೆಗೆ ಬಾಸ್ ತಂತಿಯ ಪಾಕೀಟುಗಳನ್ನು ಸಾಲಾಗಿ ನೇತುಹಾಕಿದ್ದರು. ಒಂದರ ಮೇಲೆ ನಲವತ್ತರಿಂದ ತೊಂಬತ್ತೈದು ಎಂದಿತ್ತು, ಇನ್ನೊಂದರ ಮೇಲೆ ನಲವತ್ತೈದರಿಂದ ನೂರಾ ಐದು, ಕೊನೆಯದರ ಮೇಲೆ ಅರವತ್ತೈದರಿಂದ ನೂರಾ ಮೂವತ್ತು. ನನಗೆ ಒಂದು ಕ್ಷಣವೂ ಯೋಚನೆ ಬೇಕಾಗಲಿಲ್ಲ. ನಲವತ್ತು ಎಂದರೆ ದಪ್ಪನೆಯ ತಂತಿ, ತೊಂಬತ್ತೈದು ಎಂದರೆ ಅದೇ ಕಟ್ಟಿನ ಸಣ್ಣ ತಂತಿ, ಎಂದು ಓದಿಕೊಂಡೆ. ನೂರಾ ಮೂವತ್ತು ಎಂದು ಕಂಡಾಗ ಇಷ್ಟು ಸಪೂರ ತಂತಿ ಯಾರು ಬಾರಿಸುತ್ತಾರಪ್ಪ ಎಂದು ನಗುವೂ ಬಂತು. ನಲವತ್ತರದು ಕೊಡಿ ಎಂದೆ. ಅಂಗಡಿಯವರು ಪಾಕೀಟು ಕೈಯಲ್ಲಿ ಹಿಡಿದು, ಎಂಥ ಶ್ರುತಿಗೆ ಬೇಕಾಗಿತ್ತು ಎಂದು ಮರಾಠಿಯಲ್ಲಿ ವಿಚಾರಿಸಿದರು. ಒಳ್ಳೆಯ ಮನುಷ್ಯ, ತಿಳಿದವರು. ನನ್ನ ನೆತ್ತಿಗೆ ಆಗ ಅದೆಲ್ಲಿಂದ ಗರ್ವ ಏರಿತೋ, "ನಂಬರಿನ ವಿಷಯ ನಮಗೆ ಹೇಳಿಕೊಡಬೇಡಿ, ನಾವು ನೇಯುವ ಮಂದಿ" ಎಂದು ನನಗೆ ಬರುವ ಮರಾಠಿಯಲ್ಲಿ ಹೇಳಿಬಿಟ್ಟೆ. ಅವರು ಕೈ ಮುಗಿದು ಪಾಕೀಟು ಕಟ್ಟಿಕೊಟ್ಟರು.

ಮನೆಗೆ ಬಂದು ಬಿಚ್ಚಿದರೆ ನಾಲ್ಕೂ ತಂತಿ ಒಂದೇ ಚೀಲದಲ್ಲಿ ಸುರುಳಿಯಾಗಿದ್ದವು, ಬಿಡಿಬಿಡಿಯಾಗಿ ನಂಬರು ಬರೆದಿರಲಿಲ್ಲ. ಹೊಸ ತಂತಿ ಥಳಥಳ ಹೊಳೆಯುತ್ತಿತ್ತು. ಹಳೆಯದಕ್ಕೂ ಹೊಸದಕ್ಕೂ ದಪ್ಪದಲ್ಲಿ ಇದ್ದ ಅಂತರ ಕಣ್ಣಿಗೆ ಕಾಣುವಂಥದ್ದಲ್ಲ. ಏರಿಸಿದೆ, ನಾಲ್ಕು ಮನೆ ಇಳಿಸಿದೆ, ಬಾರಿಸಿದೆ. ಜೋಲು! ಮೊದಲಿಗಿಂತ ಹೆಚ್ಚು ಜೋಲು. ಆಗಲಾದರೂ ತಿಳಿಯಬೇಕಿತ್ತಲ್ಲವೇ? ನನ್ನ ಬೆರಳಿಗೆ ತಿಳಿದಿತ್ತು ಎಂದೇ ಈಗ ಅನಿಸುತ್ತದೆ. ಆದರೆ ಬೆರಳಿನ ಮಾತು ಕೇಳಲು ತಲೆ ಒಪ್ಪಲಿಲ್ಲ. ಮಗ್ಗಕ್ಕೆ ಹೊಸ ಹಾಸು ಏರಿಸಿದಾಗಲೂ ಮೊದಲ ದಿನ ಸಡಿಲ ಬಿಡುತ್ತದೆ, ನಿಧಾನವಾಗಿ ಬಿಗಿದುಕೊಳ್ಳುತ್ತದೆ ಎಂದುಕೊಂಡೆ. ಮನೆಯಲ್ಲಿ ನನ್ನ ಹತ್ತಿರ ಇದ್ದದ್ದು ರೇಡಿಯೋದಷ್ಟೇ ದೊಡ್ಡ ಸ್ಪೀಕರು, ಅದರಲ್ಲಿ ಎಲ್ಲ ಸದ್ದೂ ಒಂದೇ ತರಹ ಕೇಳುತ್ತಿತ್ತು. ತಾಲೀಮಿಗೂ ಅದನ್ನೇ ಒಯ್ದಿದ್ದೆ, ಅಲ್ಲಿ ಬಸೂ ಮಾತ್ರ ಒಮ್ಮೆ ತಲೆ ಎತ್ತಿದ.

"ಒಂದೀಟ ಸಡಲ್ ಅನಸ್ತೈತಿ ನೋಡ."

"ಹೊಸಾ ತಂತಿ ಲೇ, ನಾಕ ದಿನದಾಗ ಕುಂಡ್ರತೈತಿ," ಎಂದೆ.

ಬಸೂ ಮತ್ತೆ ಕೇಳಲಿಲ್ಲ. ಒಂದು ಸಲ ಕೇಳಿ ಸುಮ್ಮನಾಗುವ ಮನುಷ್ಯ. ಎರಡನೇ ಸಲ ಕೇಳುವ ಗೆಳೆಯನಿದ್ದಿದ್ದರೆ ಎಂದು ನಾನು ಅನೇಕ ಸಲ ಅಂದುಕೊಂಡಿದ್ದೇನೆ. ನೋಡಿ, ತಪ್ಪನ್ನು ಬಸೂನ ಮೇಲೆ ಹಾಕಲು ಈಗಲೂ ಜಾಗ ಹುಡುಕುತ್ತಿದ್ದೇನೆ.

ಮುಧೋಳ ಎಂದರೆ ಹೊರಗಿನವರಿಗೆ ಬೇಟೆನಾಯಿ ನೆನಪಾಗುತ್ತದೆ, ನಮ್ಮ ಕಡೆಯವರಿಗೆ ಸಕ್ಕರೆ. ನನಗೆ ನೆನಪಾಗುವುದು ಒಂದು ಮೈದಾನ, ನೀಲಿ ಪ್ಲಾಸ್ಟಿಕ್ ಕುರ್ಚಿಗಳು, ಸಂಜೆ ನಾಲ್ಕರ ಬಿಸಿಲು. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿ ನಾವು ತಡವಾಗಿ ಮುಟ್ಟಿದೆವು. ಸ್ಪೀಕರಿಗೆ ಜೋಡಿಸಿ ನೋಡಲೂ ಪುರುಸೊತ್ತಿರಲಿಲ್ಲ. ಅನಸಕ್ಕ ಹಸಿರು ಇಳಕಲ್ ಸೀರೆ ಉಟ್ಟಿದ್ದರು. ವೇದಿಕೆ ಹತ್ತುವ ಮೊದಲು ನನ್ನ ಕಡೆ ನೋಡಿ ಸಣ್ಣಗೆ ನಕ್ಕರು, ಬಂದು ನನ್ನ ಬಲಕ್ಕೆ ನಿಂತರು. ನನ್ನ ತಂತಿಯ ಸದ್ದು ಬರುವ ವೇದಿಕೆಯ ದೊಡ್ಡ ಸ್ಪೀಕರು ಅವರ ಕಾಲ ಬುಡದಲ್ಲೇ ಇತ್ತು. ಹಾಗೆ ಇಡಿಸಿದವರು ಅವರೇ.

ಮೊದಲ ಹಾಡು ಪ್ರಾರ್ಥನೆ, ಅದರಲ್ಲಿ ನನಗೆ ಕೆಲಸವಿರಲಿಲ್ಲ. ಅನಸಕ್ಕ ಬರೀ ಕೀಬೋರ್ಡಿನ ಜೊತೆ ಹಾಡಿದರು. ಜನ ಚಪ್ಪಾಳೆ ತಟ್ಟಿದರು. ಇದನ್ನು ನೆನಪಿಡಿ, ಜನ ಚಪ್ಪಾಳೆ ತಟ್ಟಿದರು. ಎರಡನೆಯ ಹಾಡಿಗೆ ನಾನು ಸೇರಿಕೊಂಡೆ.

ಅಷ್ಟು ದೊಡ್ಡ ಸ್ಪೀಕರಿನಲ್ಲಿ ನನ್ನ ಹೊಸ ತಂತಿಯ ಸದ್ದನ್ನು ನಾನು ಮೊದಲ ಸಲ ಕೇಳಿದ್ದು ಆಗಲೇ. ಭರ್ರ್ ಎಂದಿತು. ಜೋಲು ತಂತಿಯನ್ನು ಹೊಡೆದರೆ ಸ್ವರ ಮೊದಲು ಮೇಲಕ್ಕೆ ಜಿಗಿದು ಆಮೇಲೆ ಜಾರಿ ಕೆಳಗೆ ಬರುತ್ತದೆ, ಎಲ್ಲಿ ನಿಂತಿತು ಎಂದು ಹೇಳಲಾಗುವುದಿಲ್ಲ. ಅನಸಕ್ಕ ಮೊದಲೇ ಹೇಳಿದ್ದ ಹಾಗೆ ನನ್ನ ತಂತಿಯನ್ನು ಹಿಡಿದುಕೊಂಡೇ ನಡೆದರು. ತಂತಿ ಮೇಲೆ ಹೋದರೆ ಮೇಲೆ, ಜಾರಿದರೆ ಕೆಳಗೆ. ಬಸೂನ ಕೀಬೋರ್ಡು ಒಂದು ಕಡೆ, ನಾವಿಬ್ಬರು ಇನ್ನೊಂದು ಕಡೆ. ಅವರು ಕಣ್ಣು ಮುಚ್ಚಿ ಸ್ವರ ಹುಡುಕುವುದು ನನಗೆ ಪಕ್ಕದಿಂದ ಕಾಣುತ್ತಿತ್ತು. ನಾನು ಕೈ ತೆಗೆದಿದ್ದರೆ ಸಾಕಿತ್ತು. ಬಾಸು ನಿಲ್ಲಿಸಿ ಸುಮ್ಮನೆ ನಿಂತಿದ್ದರೆ ಅವರು ಕೀಬೋರ್ಡು ಹಿಡಿದು ದಡ ಸೇರುತ್ತಿದ್ದರು. ನಾನು ಗಾಬರಿಯಾಗಿ ಇನ್ನಷ್ಟು ಜೋರಾಗಿ ಬಾರಿಸಿದೆ.

ಹಿಂದಿನ ಸಾಲಿನಿಂದ ಒಂದು ಸೀಟಿ ಬಂತು. ಯಾರೋ, "ಸಾಕ್ರಿ ಅಕ್ಕಾರ, ಮನಿಗೆ ನಡೀರಿ" ಎಂದರು. ನಗು ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಹಬ್ಬಿತು. ಎರಡನೇ ನುಡಿಯ ಅರ್ಧಕ್ಕೆ ಅನಸಕ್ಕ ನಿಲ್ಲಿಸಿದರು. ಮೈಕನ್ನು ಸ್ಟ್ಯಾಂಡಿಗೆ ಜೋಡಿಸಿ, ಜನರಿಗೆ ಕೈ ಮುಗಿದು, ಮೆಟ್ಟಿಲು ನೋಡಿಕೊಂಡು ಇಳಿದು ಹೋದರು.

ಕ್ರೂಸರ್ ಜೀಪಿನಲ್ಲಿ ಮರಳಿದೆವು. ಮಹಾಲಿಂಗಪುರ ದಾಟಿದ ಮೇಲೆ ಅನಸಕ್ಕನೇ ಕೇಳಿದರು.

"ಖರೆ ಹೇಳ್ ತಮ್ಮಾ, ನನ್ನ ದನಿ ಹೋತಲ್ಲಾ?"

ನಾನು ಕಿಟಕಿಯ ಹೊರಗೆ ನೋಡಿದೆ. ಅನುಮಾನ ಅಷ್ಟರಲ್ಲಿ ಹುಟ್ಟಿತ್ತು, ಆದರೆ ಖಾತ್ರಿಯಿರಲಿಲ್ಲ, ಖಾತ್ರಿಯಿಲ್ಲದ ಮಾತು ಯಾಕೆ ಆಡಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಹೇಡಿಗೆ ಇಂಥ ನ್ಯಾಯಗಳು ಬಹಳ ಬೇಗ ಹೊಳೆಯುತ್ತವೆ.

ಮರುದಿನ ಬೆಳಿಗ್ಗೆ ಖಾತ್ರಿಯಾಯಿತು. ತೆಗೆದಿಟ್ಟಿದ್ದ ಹಳೆಯ ತಂತಿಯನ್ನು ಒಂದು ಕೈಯಲ್ಲಿ, ಹೊಸದನ್ನು ಒಂದು ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಅಪ್ಪ ಕಲಿಸಿದ ಹಾಗೆ ಬೆರಳ ನಡುವೆ ಹೊರಳಿಸಿದೆ. ಹೊಸದು ಸಪೂರ. ಪಾಕೀಟು ಹುಡುಕಿ ನಂಬರನ್ನು ತಿರುಗಿಸಿ ಓದಿದೆ. ಇಲ್ಲಿ ದೊಡ್ಡ ನಂಬರೆಂದರೆ ದಪ್ಪ. ನಾನು ದಪ್ಪ ತಂತಿ ತರಲು ಹೋಗಿ ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ಸಪೂರ ತಂತಿ ತಂದಿದ್ದೆ. ನಾಲ್ಕು ದಿನ ಮೊದಲು ಇದೇ ಬೆರಳಿನಿಂದ ಇದೇ ಪರೀಕ್ಷೆ ಮಾಡಿದ್ದರೆ! ನೂಲಿನ ಒಂದೊಂದು ಕಟ್ಟನ್ನೂ ಬೆರಳಲ್ಲಿ ಹೊರಳಿಸಿ ನೋಡದೆ ಕೊಳ್ಳದ ನಾನು ಅನಸಕ್ಕನ ಮಾನ ನಿಂತಿದ್ದ ತಂತಿಯನ್ನು ನೋಡದೆ ಕಟ್ಟಿದ್ದೆ.

ಇಲ್ಲಿಯವರೆಗಿನದು ತಪ್ಪು. ತಪ್ಪು ಯಾರಿಂದ ಆಗುವುದಿಲ್ಲ ಹೇಳಿ? ಮುಂದಿನದಕ್ಕೆ ಆ ಹೆಸರು ಸಾಲುವುದಿಲ್ಲ.

ಎರಡು ದಿನ ಬಿಟ್ಟು ಹೇಳಿಯೇ ಬಿಡಬೇಕೆಂದು ರಬಕವಿಗೆ ಹೋದೆ. ಅಂಗಡಿಯಲ್ಲಿ ಮೂವರು ಹೆಣ್ಣುಮಕ್ಕಳು ಕುಳಿತು ಅನಸಕ್ಕನಿಗೆ ಸಮಾಧಾನ ಹೇಳುತ್ತಿದ್ದರು. ಆಪರೇಷನ್ ಆದ ಮೇಲೆ ಹಿಂಗ ಆಗೂದ, ಮನಸಿಗೆ ಹಚ್ಚಿಕೋಬ್ಯಾಡ್ರಿ ಎನ್ನುತ್ತಿದ್ದರು. ಅವರ ಮುಂದೆ ನನ್ನ ಮೂರ್ಖತನ ಹೇಗೆ ಹೇಳುವುದು? ನೇಕಾರನ ಮಗನಿಗೆ ನಂಬರು ಗೊತ್ತಾಗಲಿಲ್ಲ ಎಂದು ಓಣಿಯೆಲ್ಲ ಆಡಿಕೊಳ್ಳುವುದಿಲ್ಲವೇ? ಅನಸಕ್ಕ ಮಶಿನ್ನು ನಿಲ್ಲಿಸಿ ನನ್ನ ಮುಖ ನೋಡಿದರು, ಏನೋ ಹೇಳಲು ಬಂದಿದ್ದಾನೆ ಎಂದು ಅವರಿಗೆ ಗೊತ್ತಾಗಿತ್ತು. ನನ್ನ ಬಾಯಿಂದ ಬಂದದ್ದು, "ಮೊದಲ ಆರಾಮ ಆಗ್ರಿ ಅಕ್ಕಾರ, ಹಾಡೂದು ಎಲ್ಲಿ ಹೋಗ್ತೈತಿ" ಎಂಬ ಮಾತು. ಆ ಮಾತಿನಿಂದ ದನಿ ಹೋದದ್ದು ಖರೆ ಎಂದು ನಾನೇ ಸಾಕ್ಷಿ ಹೇಳಿದ ಹಾಗಾಯಿತು. ಅವರು ತಲೆ ಅಲ್ಲಾಡಿಸಿ ಮತ್ತೆ ಮಶಿನ್ನು ತುಳಿಯತೊಡಗಿದರು.

ಹೇಳಲು ಆಮೇಲೆ ಒಳ್ಳೆಯ ಹೊತ್ತೇ ಸಿಗಲಿಲ್ಲ. ಸಿಗಲಿಲ್ಲ ಎನ್ನುವುದೂ ಸುಳ್ಳು, ಪ್ರತಿ ವಾರವೂ ಸಿಗುತ್ತಿತ್ತು. ಆರ್ಕೆಸ್ಟ್ರಾಕ್ಕೆ ಬೇರೆಯವರು ಬಂದರು, ಮದುವೆಗೆ ಡಿಜೆ ಬಂದ ಮೇಲೆ ಆರ್ಕೆಸ್ಟ್ರಾವೇ ಹೋಯಿತು. ನನ್ನ ಗಿಟಾರು ಮಾಳಿಗೆ ಸೇರಿತು. ಅನಸಕ್ಕ ಅಂಗಡಿ ಬಿಟ್ಟುಕೊಟ್ಟು ಬೀಳಗಿಯಲ್ಲಿ ಶಾಲೆಯಲ್ಲಿ ಶಿಕ್ಷಕಿಯಾಗಿರುವ ಮಗಳ ಹತ್ತಿರ ಹೋದರು. ನಡುವೆ ಒಂದು ಸಲ ನಮ್ಮ ಸಂಬಂಧಿಕರ ಮನೆಯ ತೊಟ್ಟಿಲ ಕಾರ್ಯದಲ್ಲಿ ಅವರನ್ನು ಕಂಡೆ. ಹೆಣ್ಣುಮಕ್ಕಳೆಲ್ಲ ಸುತ್ತ ಸೇರಿ, ಅನಸಕ್ಕ ಒಂದ ಜೋಗುಳಾ ಅನ್ರಿ ಎಂದು ಗಂಟು ಬಿದ್ದಿದ್ದರು. ಜೋಗುಳಕ್ಕೆ ಯಾವ ಶ್ರುತಿ ಬೇಕು ಹೇಳಿ, ತೊಟ್ಟಿಲ ಕೂಸೇನು ಸೀಟಿ ಹೊಡೆಯುತ್ತದೆಯೇ? ಅನಸಕ್ಕ ನಗುತ್ತಲೇ, "ನನ್ನ ದನಿ ಹೋಗೇತ್ರೆವ್ವಾ, ಕೂಸು ಅಂಜೀತು" ಎಂದರು. ಎಲ್ಲರೂ ನಕ್ಕರು. ನಾನು ಎಲೆಯ ಮುಂದೆ ಕುಳಿತಿದ್ದೆ. ಆಗಲೂ ಹೇಳಲಿಲ್ಲ.

ಹೋದ ಭಾನುವಾರ ಪೂಜಾಳ ಗಿಟಾರಿಗೆ ತಂತಿ ಕೂರಿಸಿ ಕೊಟ್ಟೆ. ಗಟ್ಟಿಯಾಗಿ ನಿಂತಿತು, ಎಷ್ಟು ಇಳಿಸಿದರೂ ಅಲುಗಲಿಲ್ಲ. ಅವಳು ಖುಷಿಯಿಂದ ಹೋದಳು. ನನಗೆ ಆ ವಾರ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಗುರುವಾರ ಬೆಳಿಗ್ಗೆ ಜಮಖಂಡಿಯಲ್ಲಿ ಬಸ್ಸು ಬದಲಿಸಿ ಬೀಳಗಿಗೆ ಹೋದೆ.

ಅನಸಕ್ಕ ಅಂಗಳದಲ್ಲಿ ಮೊರದ ತುಂಬ ಮೆಂತ್ಯಪಲ್ಲೆ ಹರವಿಕೊಂಡು ಬಿಡಿಸುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿದೆ. ನನ್ನನ್ನು ನೋಡಿ ಬಹಳ ಸಂತೋಷಪಟ್ಟರು, ಬಾ ತಮ್ಮಾ ಎಂದು ಚಾಪೆ ಹಾಸಿದರು, ಮನೆಯವರೆಲ್ಲರ ಹೆಸರು ಹಿಡಿದು ಕೇಳಿದರು. ಆ ಸಂತೋಷ ಮುಗಿಯುವ ಮೊದಲೇ ಹೇಳದಿದ್ದರೆ ಈ ಸಲವೂ ಹೇಳುವುದಿಲ್ಲ ಎಂದು ನನಗೆ ಗೊತ್ತಿತ್ತು.

"ಅಕ್ಕಾರ, ಅವತ್ತ ಮುಧೋಳದಾಗ ನಿಮ್ಮ ದನಿ ಹೋಗಿರಲಿಲ್ರಿ. ನಾ ತಂತಿ ತಪ್ಪ ತಂದಿದ್ದೆ. ನೀವು ನನ್ನ ತಂತಿ ನಂಬಿ ಹಾಡಿದ್ರಿ, ಅದಕ್ಕ ಹಂಗಾತು."

ನೂಲಿನ ನಂಬರು, ಕೊಲ್ಹಾಪುರದ ಅಂಗಡಿ, ಎಲ್ಲವನ್ನೂ ಹೇಳಿದೆ. ಅವರು ಮೆಂತ್ಯದ ಎಲೆ ಬಿಡಿಸುತ್ತಲೇ ಇದ್ದರು. ಮುಗಿದ ಮೇಲೆ ಕೇಳಿದರು.

"ನಿನಗ ಯಾವಾಗ ತಿಳೀತು?"

"ಮರುದಿನ ಮುಂಜಾನಿರಿ."

"ಮರುದಿನ," ಎಂದರು ಅನಸಕ್ಕ. ಕೈ ನಿಂತಿತು. "ಈ ಗಂಟಲಕ್ಕ ನಾ ಎಷ್ಟ್ ಬೈದೇನಿ ಗೊತ್ತೈತೇನ್ ನಿನಗ? ಒಂದ್ ದಿನಾ ಬಾಯಿ ತಗದಿಲ್ಲ. ಮೊಮ್ಮಗಳು ಅಜ್ಜಿ ಹಾಡು ಅಂದ್ರ ಅದಕೂ ಬೈದೇನಿ."

"ತಪ್ಪಾತ್ರಿ ಅಕ್ಕಾರ. ಒಮ್ಮೆ ಹಾಡ್ರಿ ಈಗ, ದನಿ ಇದ್ದ ಇರ್ತೈತ್ರಿ."

ಅವರು ನನ್ನ ಮುಖವನ್ನೇ ನೋಡಿದರು. ಗಂಟಲು ಸರಿಮಾಡಿಕೊಂಡು ಒಂದು ಸ್ವರ ಹಿಡಿದರು. ಅದು ನಡುಗಿ, ಗಾಳಿಯಾಗಿ, ಅಲ್ಲೇ ನಿಂತುಹೋಯಿತು. ಇನ್ನೊಮ್ಮೆ ಹಿಡಿದರು. ಇನ್ನೊಮ್ಮೆಯೂ ಹಾಗೇ ಆಯಿತು.

"ಅವತ್ತ ಹೋಗಿರಲಿಲ್ಲ ಅಂತಿ. ಈಗ ಖರೇನ ಹೋಗೇತಿ ನೋಡ," ಎಂದರು. ಸಿಟ್ಟಿನಿಂದ ಹೇಳಲಿಲ್ಲ, ಹವಾಮಾನ ಹೇಳಿದ ಹಾಗೆ ಹೇಳಿದರು. ನಾನು ಅವರ ಕಾಲು ಹಿಡಿಯಲು ಬಾಗಿದೆ. ಕಾಲು ಹಿಂದಕ್ಕೆ ಎಳೆದುಕೊಂಡರು.

"ನನ್ನ ಮುಂದ ತಪ್ಪಾತು ಅಂದ್ರ ಏನ್ ಬಂತೋ? ಅವತ್ತ ನಾ ಒಬ್ಬಾಕೀನ ಕೇಳಿದ್ನೇನ? ಮೈದಾನ ತುಂಬ ಮಂದಿ ಕೇಳ್ಯಾರ, ನಕ್ಕಾರ. ಹೇಳೂದಿದ್ರ ಅವರ ಮುಂದ ಹೇಳ ಹೋಗು."

ಚಹಾ ಕೊಟ್ಟರು, ಕುಡಿದೆ. ಹೋಗಿ ಬಾ ಎನ್ನಲಿಲ್ಲ. ಬಾಗಿಲವರೆಗೂ ಬರಲಿಲ್ಲ.

ಆ ಮಂದಿಯನ್ನು ನಾನು ಎಲ್ಲಿ ಹುಡುಕಲಿ? ಅವರ ಹೆಸರು ಗೊತ್ತಿಲ್ಲ, ಮುಖ ನೆನಪಿಲ್ಲ. ನೂಲಿನ ಲೆಕ್ಕ ಬಿಟ್ಟು ಬೇರೇನೂ ಬರೆದು ಗೊತ್ತಿಲ್ಲದ ನಾನು ಇಷ್ಟುದ್ದ ಬರೆದದ್ದು ಅದಕ್ಕಾಗಿ. ಇಷ್ಟು ದೂರ ನನ್ನ ಜೊತೆ ಬಂದಿದ್ದೀರಿ, ಯಾರು ಬಲ್ಲರು, ನೀವೇ ಆ ಸಂಜೆ ಮುಧೋಳದ ಮೈದಾನದಲ್ಲಿ ಕುಳಿತಿದ್ದಿರಬಹುದು. ಅಥವಾ ಕುಳಿತಿದ್ದವರು ಮನೆಗೆ ಬಂದು, ಪಾಪ, ಅನಸಕ್ಕನ ದನಿ ಹೋಯಿತು ಎಂದು ಹೇಳಿದ್ದನ್ನು ಕೇಳಿರಬಹುದು. ಹಾಗಿದ್ದರೆ ದಯವಿಟ್ಟು ಅವರಿಗೆ ಹೇಳಿ. ಆ ದಿನ ಅನಸಕ್ಕ ಒಂದು ಸ್ವರವನ್ನೂ ತಪ್ಪಲಿಲ್ಲ. ಅವರ ಎಡಕ್ಕೆ ಗಿಟಾರು ಹಿಡಿದು ನಿಂತಿದ್ದೆನಲ್ಲ, ತಪ್ಪಿದ್ದು ನಾನು.